ಗುರ್ಕಾರರ ಹೊಟ್ಟೆಯಲ್ಲಿ ಇಪ್ಪತ್ತಮೂರು ಮಂದಿ

ಬೆಳ್ಮಣ್ಣಿನ ಕೆಳಗಿನ ವಾಡೆಯ ಗುರ್ಕಾರ ಸಿಲ್ವೆಸ್ಟರ್ ಮಿನೇಜಸರ ಫೋನ್ ನಂಬರು ಬಹಳ ಸುಲಭದ್ದು. ಐದು ಒಂಬತ್ತು, ಆಮೇಲೆ ಐದು ಸೊನ್ನೆ. ಒಮ್ಮೆ ಕೇಳಿದವರಿಗೆ ಮರೆಯಬೇಕೆಂದರೂ ಮರೆಯಲಾಗದು. ಸಂಕಟದ ಬೇರು ಇದ್ದದ್ದು ಅಲ್ಲಿಯೇ.

ಗುರ್ಕಾರ ಎಂದರೆ ಇಗರ್ಜಿಯವರು ನಲವತ್ತು ಐವತ್ತು ಮನೆಗಳ ಒಂದು ವಾಡೆಗೆ ಆರಿಸುವ ಹಿರಿಯ. ಮದುವೆಯ ಹೇಳಿಕೆ, ಮರಣದ ಸುದ್ದಿ, ಬೇಲಿಯ ಜಗಳ, ಯಾವುದಿದ್ದರೂ ಮೊದಲು ತಟ್ಟುವುದು ಅವನ ಬಾಗಿಲನ್ನು. ಕೆಳಗಿನ ವಾಡೆಯವರು ಎಲ್ಲಿ ಅರ್ಜಿ ತುಂಬಿಸಿದರೂ ಮೊಬೈಲ್ ನಂಬರ್ ಎಂದು ಇದ್ದಲ್ಲಿ ಗುರ್ಕಾರರದ್ದನ್ನೇ ಬರೆಸುತ್ತಿದ್ದರು. ತಮ್ಮ ನಂಬರು ಹೆಚ್ಚಿನವರಿಗೆ ನೆನಪಿರಲಿಲ್ಲ. ನೆನಪಿದ್ದವರ ಸಿಮ್ಮು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಬದಲಾಗದವರು ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಗದ್ದೆಗೆ ಹೋಗುತ್ತಿದ್ದರು. ಗುರ್ಕಾರರ ಫೋನಾದರೆ ಮೊದಲ ರಿಂಗಿಗೇ "ಹಲೋ" ಎನ್ನುತ್ತದೆ. ಇಗರ್ಜಿಗೆ ಸೇರದ, ಪಕ್ಕದ ಮನೆಯ ರಿಕ್ಷಾ ಕಿಟ್ಟ ಕೂಡ ಎಲ್ಲ ಕಡೆ ಅದನ್ನೇ ಕೊಡುತ್ತಿದ್ದ.

ಸಿಲ್ವೆಸ್ಟರ್ ಇದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಐವತ್ತೇಳು ವರ್ಷದಲ್ಲಿ ಅವರು ಸಿಟ್ಟಾದದ್ದನ್ನು ಕಂಡವರಿಲ್ಲ. ಸಿಟ್ಟು ಅವರಲ್ಲಿ ಇರಲಿಲ್ಲವೆಂದಲ್ಲ. ಆಳದ ಬಾವಿಯ ನೀರಿನ ಹಾಗೆ ಅದು ತಳದಲ್ಲಿ ತಣ್ಣಗೆ ಮಲಗಿತ್ತು. ಅಷ್ಟು ಉದ್ದದ ಹಗ್ಗ ಇಳಿಸಿದವರು ಯಾರೂ ಇರಲಿಲ್ಲ.

ಮೂರು ತಿಂಗಳಿಂದ ಅವರಿಗೆ ಹೊಟ್ಟೆನೋವು. ಉಂಡರೂ ನೋವು, ಉಣ್ಣದಿದ್ದರೂ ನೋವು. ಉಡುಪಿಯ ಕಡಲತಾರೆ ಆಸ್ಪತ್ರೆಯವರು ಇಗರ್ಜಿಯ ಸಭಾಭವನಕ್ಕೆ ವ್ಯಾನು ತಂದು ಆರೋಗ್ಯ ಶಿಬಿರ ಮಾಡಿದಾಗ ಅವರೂ ಸ್ಕ್ಯಾನ್ ಮಾಡಿಸಿಕೊಂಡರು. ನಾಲ್ಕನೇ ದಿನ ಫೋನ್ ಬಂತು. ಪಿತ್ತಕೋಶದಲ್ಲಿ ಕಲ್ಲು ಉಂಟು, ಕಾಪುವಿನ ನಮ್ಮ ಶಾಖೆಗೆ ಹೋಗಿ, ಸರ್ಜನರು ಅಲ್ಲಿಯೇ ವಿಡಿಯೋದಲ್ಲಿ ನೋಡ್ತಾರೆ ಎಂದರು.

ಕಾಪುವಿನಲ್ಲಿ ಅವರನ್ನು ಒಂದು ಪರದೆಯ ಎದುರು ಕೂರಿಸಿದರು. ಪರದೆಯೊಳಗಿದ್ದ ಡಾಕ್ಟರ್ ಕಾಮತರು ಫೋನ್ ನಂಬರು ಕೇಳಿ ಒತ್ತಿದರು, ಬಂದ ಸ್ಕ್ಯಾನನ್ನು ನೋಡಿದರು, "ಬಲಗಡೆ ಪಕ್ಕೆಲುಬಿನ ಕೆಳಗೆ ನೀವೇ ಒತ್ತಿ ನೋಡಿ. ನೋವುಂಟಾ?" ಎಂದರು. ಸಿಲ್ವೆಸ್ಟರ್ ಒತ್ತಿದರು. ನೋವಿತ್ತು. ಎಲ್ಲಿ ಒತ್ತಿದರೂ ಇತ್ತು.

"ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಪರೇಶನ್. ಶನಿವಾರ ಮಧ್ಯಾಹ್ನದಿಂದ ನಾನು ಎರಡು ತಿಂಗಳು ರಜೆ. ತಪ್ಪಿಸಬೇಡಿ, ಕಲ್ಲು ಜಾರಿದರೆ ಮತ್ತೆ ಕಷ್ಟ," ಎಂದು ಹೇಳಿ ಡಾಕ್ಟರು ಪರದೆಯಿಂದ ಮಾಯವಾದರು.

ಗುರುವಾರ ರಾತ್ರಿಯ ಗಂಜಿಯೇ ಕೊನೆ. ಆಮೇಲೆ ಬಾಯಿಗೆ ನೀರೂ ಇಲ್ಲ. ಶುಕ್ರವಾರ ಬೆಳಗ್ಗೆ ಐದೂವರೆಗೆ ಸಿಲ್ವೆಸ್ಟರ್ ಶಿಲುಬೆ ಗುರುತು ಹಾಕಿ, ಹೆಂಡತಿ ಆಲಿಸರೊಡನೆ ಕಿಟ್ಟನ ರಿಕ್ಷಾ ಹತ್ತಿದರು.

ಕಿಟ್ಟ ಧೈರ್ಯ ಹೇಳುತ್ತಲೇ ರಿಕ್ಷಾ ಬಿಟ್ಟ. "ಆಪರೇಶನ್ ಅಂದ್ರೆ ಎಂತದ್ದೂ ಇಲ್ಲ ಗುರ್ಕಾರ್ರೇ. ಮಲಗುವುದು, ಏಳುವುದು. ನಾನಾದ್ರೆ ಸೀಟಿ ಊದಿಕೊಂಡು ಹೋಗ್ತೇನೆ. ನಿಮ್ಮ ಮುಖ ನೋಡಿದ್ರೆ ಕಟುಕನ ಅಂಗಡಿ ಕಂಡ ಆಡಿನ ಹಾಗೆ ಉಂಟು!"

ಕಟಪಾಡಿಯಲ್ಲಿ ರಿಕ್ಷಾ ನಿಲ್ಲಿಸಿ ಹೋಟೆಲಿನಿಂದ ಬನ್ಸು, ಚಾ ತಂದು ಚಕ್ರದ ಮೇಲೆ ಕಾಲಿಟ್ಟು ತಿಂದ. "ನೀವು ಸ್ವಲ್ಪ ಆಚೆ ನೋಡಿ ಗುರ್ಕಾರ್ರೇ. ನೀವು ನೋಡಿದ್ರೆ ನನಗೆ ಇಳಿಯುವುದಿಲ್ಲ."

ಸಿಲ್ವೆಸ್ಟರ್ ಆಚೆ ನೋಡಿದರು. ಆಚೆ ಇನ್ನೊಬ್ಬ ಗೋಳಿಬಜೆ ತಿನ್ನುತ್ತಿದ್ದ.

ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯ ಬದಿಯಲ್ಲಿ ಕಡಲತಾರೆ ಆಸ್ಪತ್ರೆ. ಗಂಡಸರ ವಾರ್ಡಿನಲ್ಲಿ ಹನ್ನೆರಡನೇ ಮಂಚ ಕೊಟ್ಟು, ಬೆನ್ನಿಗೆ ಲಾಡಿ ಕಟ್ಟುವ ಹಸಿರು ಅಂಗಿ ತೊಡಿಸಿದರು. ನರ್ಸು ಕಂಪ್ಯೂಟರಿಗೆ ನಂಬರು ಒತ್ತಿದಳು. ಪರದೆ ಕೆಂಪಾಯಿತು. ಅವಳು ಪರದೆ ನೋಡಿದಳು, ಸಿಲ್ವೆಸ್ಟರರನ್ನು ನೋಡಿದಳು, ಪುನಃ ಪರದೆ ನೋಡಿದಳು.

"ನಿಮಗೆ ಎಂಟು ತಿಂಗಳು ಅಂತ ತೋರಿಸ್ತಾ ಉಂಟಲ್ಲ ಸರ್?"

"ಎಂಟಲ್ಲ ಸಿಸ್ಟರ್, ಮೂರು ತಿಂಗಳಿಂದ ನೋವು."

"ನೋವಲ್ಲ ಸರ್. ಗರ್ಭ."

ಆಲಿಸ್ ಬಾಯಿಗೆ ಸೆರಗು ಇಟ್ಟುಕೊಂಡರು. ಪಕ್ಕದ ಮಂಚದ ರೋಗಿ ಆಪರೇಶನ್ನಾದ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗತೊಡಗಿದ.

ಡಾಕ್ಟರ್ ಕಾಮತರು ಬಂದರು. ಈ ಸಲ ಪರದೆಯಲ್ಲಿ ಅಲ್ಲ, ಮೈಯೊಡನೆ. ಆದರೂ ನೋಡಿದ್ದು ಪರದೆಯನ್ನೇ. "ಗರ್ಭಿಣಿಗೆ ಅರಿವಳಿಕೆ ಕೊಡಬಾರದು ಅಂತ ಸಿಸ್ಟಮ್ ತಡೆ ಹಾಕಿದೆ. ಚೀಟಿ ಪ್ರಿಂಟ್ ಆಗುವುದಿಲ್ಲ. ಚೀಟಿ ಇಲ್ಲದೆ ಥಿಯೇಟರಿನ ಬಾಗಿಲು ತೆರೆಯುವುದಿಲ್ಲ."

"ಡಾಕ್ಟ್ರೇ, ನಾನು ಗರ್ಭಿಣಿ ಹಾಗೆ ಕಾಣ್ತೇನಾ?"

ಡಾಕ್ಟರು ಅವರ ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಹೊಟ್ಟೆ ಸ್ವಲ್ಪ ಮುಂದಕ್ಕೇ ಇತ್ತು. "ಕಾಣುವುದು ಮುಖ್ಯ ಅಲ್ಲ. ಸಿಸ್ಟಮ್ ಏನು ಹೇಳ್ತದೆ, ಅದು ಮುಖ್ಯ. ನಾಳೆ ಏನಾದ್ರೂ ಆದ್ರೆ ಕೇಳುವುದು ನನ್ನನ್ನು. ಕೆಳಗೆ ದಾಖಲೆ ವಿಭಾಗಕ್ಕೆ ಹೋಗಿ ಸರಿ ಮಾಡಿಸಿಕೊಂಡು ಬನ್ನಿ. ನಾಲ್ಕು ಗಂಟೆಯ ಒಳಗೆ ಆದ್ರೆ ಇವತ್ತೇ ಮಾಡುವ."

ಬಾವಿಯ ತಳದಲ್ಲಿ ಮೊದಲ ಗುಳ್ಳೆ ಎದ್ದಿತು. ಸಿಲ್ವೆಸ್ಟರ್ ಹಸಿರು ಅಂಗಿಯ ಹಿಂಭಾಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದರು.

ದಾಖಲೆ ವಿಭಾಗದಲ್ಲಿ ಯಶ್ಮಿತಾ ಎಂಬ ಹುಡುಗಿ ಕುಳಿತಿದ್ದಳು. ಒಳ್ಳೆಯ ಹುಡುಗಿ, ಮೃದು ಮಾತು. ಕೆಟ್ಟ ಸುದ್ದಿಯನ್ನು ಒಳ್ಳೆಯವರ ಬಾಯಿಂದ ಕೇಳುವಾಗ ಸಿಟ್ಟಿಗೆ ಹೋಗಲು ದಾರಿಯಿಲ್ಲದೆ ಅದು ಒಳಗೇ ಉಬ್ಬುತ್ತದೆ.

"ನಿನ್ನೆ ಸಂಜೆ ಕಾಪು, ಕಾರ್ಕಳ, ಉಡುಪಿ ಮೂರೂ ಕಡೆಯ ಕಂಪ್ಯೂಟರ್ ಒಂದೇ ನೆಟ್‌ವರ್ಕಿಗೆ ಸೇರಿಸಿದ್ರು ಅಂಕಲ್. ಹೊಸ ಸಿಸ್ಟಮಿಗೆ ಒಂದು ನಂಬರ್ ಅಂದ್ರೆ ಒಬ್ಬನೇ ಮನುಷ್ಯ. ನಿಮ್ಮ ನಂಬರಿನಲ್ಲಿ..." ಅವಳು ಎಣಿಸಿದಳು. "ಇಪ್ಪತ್ತಮೂರು ಮಂದಿ ಇದ್ರು. ಎಲ್ಲರನ್ನೂ ಸೇರಿಸಿ ನಿಮ್ಮನ್ನು ಮಾಡಿದೆ."

"ಏನೇನು ಉಂಟು ನನಗೆ? ಓದಿ."

"ಕಾಪುವಿನಲ್ಲಿ ಎರಡು ಕಣ್ಣಿನ ಪೊರೆ ತೆಗೆದಿದ್ದಾರೆ. ಹೋದ ವರ್ಷ ಕಾರ್ಕಳದಲ್ಲಿ ಗರ್ಭಕೋಶ ತೆಗೆದಿದ್ದಾರೆ. ಈ ವರ್ಷ ಎಂಟು ತಿಂಗಳ ಗರ್ಭಿಣಿ. ಪೋಲಿಯೋ ಹನಿ ಒಂದು ಬಾಕಿ ಉಂಟು. ಮತ್ತೆ..." ಅವಳು ತಡೆದಳು.

"ಹೇಳಿ, ಹೇಳಿ. ಇನ್ನು ಎಂತ ಬಾಕಿ?"

"ಎರಡು ವರ್ಷದ ಹಿಂದೆ ತೀರಿಕೊಂಡಿದ್ದೀರಿ ಅಂಕಲ್."

"ಸತ್ತ ಮೇಲೆ ಬಸುರಿಯಾ?"

"ಸಿಸ್ಟಮ್ ತಾರೀಕು ನೋಡುವುದಿಲ್ಲ ಅಂಕಲ್. ನಂಬರ್ ಮಾತ್ರ ನೋಡ್ತದೆ."

ಸಿಲ್ವೆಸ್ಟರ್ ಮೇಜಿಗೆ ಕೈ ಊರಿದರು. ಊರಿದ ರಭಸಕ್ಕೆ ಪೆನ್ನಿನ ಡಬ್ಬಿ ಹಾರಿತು. "ಮಗಾ, ನಾನು ಇಲ್ಲಿ ನಿಂತಿದ್ದೇನೆ. ನನ್ನ ಹೊಟ್ಟೆಯೂ ಇಲ್ಲಿಯೇ ಉಂಟು. ಇದನ್ನು ಬಿಟ್ಟು ನೀವೆಲ್ಲ ಆ ಪೆಟ್ಟಿಗೆಯ ಮುಖ ಯಾಕೆ ನೋಡ್ತೀರಿ?"

ಅವಳ ಕಣ್ಣಲ್ಲಿ ನೀರು ಬಂತು. "ಬಿಡಿಸ್ಲಿಕ್ಕೆ ಆಗ್ತದೆ ಅಂಕಲ್. ಆದ್ರೆ ಒಬ್ಬೊಬ್ಬರೂ ಆಧಾರ್ ಕಾರ್ಡ್ ಹಿಡ್ಕೊಂಡು ಇಲ್ಲಿಗೆ ಬರ್ಬೇಕು. ಬಂದು ಒಟಿಪಿ ಹೇಳ್ಬೇಕು."

"ಒಟಿಪಿ ಎಲ್ಲಿಗೆ ಬರ್ತದೆ?"

"ನಿಮ್ಮ ಫೋನಿಗೆ."

"ಹಾಗಾದ್ರೆ ನಾನೇ ಹೇಳ್ತೇನೆ, ಅವರು ಯಾಕೆ?"

"ನೀವು ಹೇಳುವ ಹಾಗಿಲ್ಲ. ನಿಮ್ಮ ಫೋನಿನಲ್ಲಿ ನೋಡಿ ಅವರೇ ಹೇಳ್ಬೇಕು. ಕ್ಯಾಮೆರಾ ಉಂಟು ಅಂಕಲ್."

ಸಿಲ್ವೆಸ್ಟರ್ ವಾಡೆಯ ವಾಟ್ಸಪ್ ಗುಂಪಿಗೆ ಬಾಯಿಮಾತಿನ ಸಂದೇಶ ಕಳಿಸಿದರು. ಹಸಿವು, ನೋವು, ಸಿಟ್ಟು ಮೂರೂ ಕೂಡಿ ಗಂಟಲು ಬೇರೆಯವರದ್ದಾಗಿತ್ತು. "ನಂಬರ್ ಕೊಟ್ಟವರೆಲ್ಲ ಕೂಡಲೇ ಹೊರಟು ಬನ್ನಿ! ಆಧಾರ್ ಕಾರ್ಡ್ ತನ್ನಿ! ನಾಲ್ಕು ಗಂಟೆ ದಾಟಿದ್ರೆ ನನ್ನ ಕತೆ ಮುಗಿಯಿತು!"

ಅಂಥ ದನಿಯನ್ನು ಗುರ್ಕಾರರಿಂದ ಯಾರೂ ಕೇಳಿದ್ದಿಲ್ಲ. ಗುರ್ಕಾರರು ಹೋಗಿಯೇ ಬಿಟ್ಟರು, ಆಧಾರ್ ಬೇಕಾದದ್ದು ಹೆಣ ಬಿಡಿಸಿಕೊಳ್ಳಲು, ಎಂದು ವಾಡೆ ತಿಳಿದುಕೊಂಡಿತು. ಹನ್ನೊಂದೂವರೆಗೆ ಶಾಲೆಯ ಎರಡು ವ್ಯಾನುಗಳಲ್ಲಿ ಜನ ಬಂದಿಳಿಯಿತು. ಎಲ್ಲರದೂ ಕಪ್ಪು, ಬಿಳಿ ಬಟ್ಟೆ. ಮುಂದಿನಿಂದ ವಾಡೆಯ ಹಿರಿಯ ಹೆಂಗಸು ಜೆರ್ಟ್ರೂಡ್ ಬಾಯಿ, ಕೈಯಲ್ಲಿ ಪವಿತ್ರ ಜಲದ ಶೀಸೆ. ಅವರ ಹಿಂದೆ ಇಗರ್ಜಿಯ ಹಾಡುಗಾರರ ಗುಂಪು ನಡೆಸುವ ಡುಲ್ಸಿನ್ ಬಾಯಿ, ಗಂಟಲಲ್ಲಿ ಆಗಲೇ ಶುರುವಾಗಿದ್ದ ಮರಣದ ಹಾಡು. ಮಧ್ಯಾಹ್ನಕ್ಕೆ ಯಾರಿಗೂ ಹಸಿವಾಗಬಾರದೆಂದು ಒಂದು ಪಾತ್ರೆ ಇಡ್ಲಿಯಂಥ ಸಣ್ಣಣ, ಒಂದು ಪಾತ್ರೆ ಮೀನುಸಾರು.

ಹಸಿರು ಅಂಗಿಯಲ್ಲಿ ನಿಂತ ಸಿಲ್ವೆಸ್ಟರರನ್ನು ಕಂಡು ಡುಲ್ಸಿನ್ ಬಾಯಿಯ ಹಾಡು ನಡುವೆಯೇ ಕಡಿಯಿತು. "ಇದ್ದೀರಾ?" ಎಂದರು. ದನಿಯಲ್ಲಿ ಸ್ವಲ್ಪ ಬೇಸರವಿದ್ದಂತಿತ್ತು.

ವಿಷಯ ತಿಳಿದ ಮೇಲೆ ಸಾಲು ನಿಂತಿತು. ಹಸಿದವನು ಪ್ರಾರ್ಥನೆ ಮಾಡಬಹುದು. ಇಪ್ಪತ್ತೆರಡು ಹೆಸರುಗಳ ಸಾಲನ್ನು ಕಾಯಲಾರ. ಒಬ್ಬೊಬ್ಬರಿಗೂ ಹತ್ತು ನಿಮಿಷ. ಆರು ಅಂಕಿ ಓದಲು ಕನ್ನಡಕ ಬೇಕು, ಕನ್ನಡಕ ವ್ಯಾನಿನಲ್ಲಿ. ತರುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದು ಇನ್ನೊಂದು ಬರಬೇಕು. ಐದನೆಯವರ ಹೊತ್ತಿಗೆ ಫೋನಿನ ಚಾರ್ಜು ಇಳಿಯಿತು. ಗೋಡೆಯ ಪ್ಲಗ್ಗಿಗೆ ಗೇಣುದ್ದದ ವಯರು. ಗೊಂತಿಗೆ ಕಟ್ಟಿದ ಎಮ್ಮೆಯ ಹಾಗೆ ಸಿಲ್ವೆಸ್ಟರ್ ಫೋನು ಹಿಡಿದು ಗೋಡೆಗೆ ಅಂಟಿ ನಿಂತರು. ಬಂದವರೆಲ್ಲ ಅವರ ಕಂಕುಳ ಕೆಳಗೆ ತಲೆ ತೂರಿಸಿ ಅಂಕಿ ಓದಬೇಕಾಯಿತು.

ನಡುವೆ ಫೋನು ರಿಂಗಾಯಿತು. ಯಂತ್ರದ ಹೆಣ್ಣುದನಿ: "ನಮಸ್ಕಾರ ಜೋಸ್ಲಿನ್ ಅವರೇ. ಇಂದು ನಿಮ್ಮ ಮಗುವಿನ ಚಲನೆ ಹೇಗಿದೆ? ಚೆನ್ನಾಗಿದ್ದರೆ ಒಂದನ್ನು ಒತ್ತಿ."

"ಒದೀತಾ ಉಂಟು!" ಎಂದು ಸಿಲ್ವೆಸ್ಟರ್ ಗರ್ಜಿಸಿದರು. "ಬೆಳಿಗ್ಗೆಯಿಂದ ಒದೀತಾ ಉಂಟು!"

ಸಾಲಿನಲ್ಲಿದ್ದ ಜೋಸ್ಲಿನ್ ಎಂಬ ನಿಜವಾದ ಬಸುರಿ ಹೆದರಿ ಅತ್ತೆ ಜೆರ್ಟ್ರೂಡ್ ಬಾಯಿಯ ಹಿಂದೆ ಅಡಗಿದಳು. "ಬಸುರಿ ಹೆಂಗಸಿನ ಎದುರು ಹೀಗೆ ಕಿರುಚುವುದಾ ಗುರ್ಕಾರ್ರೇ?" ಎಂದು ಜೆರ್ಟ್ರೂಡ್ ಬಾಯಿ ಗದರಿದರು.

"ಕಂಪ್ಯೂಟರ್ ಪ್ರಕಾರ ನಾನೂ ಬಸುರಿಯೇ!"

ಡುಲ್ಸಿನ್ ಬಾಯಿಯ ಸರದಿ ಬಂತು. ಹುಟ್ಟಿದ ತಾರೀಕು ತಾಳೆ ನೋಡಬೇಕಾದ್ದರಿಂದ ಯಶ್ಮಿತಾ ಗಟ್ಟಿಯಾಗಿ ಕೇಳಿದಳು: "ವಯಸ್ಸು ಅರವತ್ತೊಂದು, ಸರಿಯಾ?"

ವಾಡೆಯಲ್ಲಿ ಡುಲ್ಸಿನ್ ಬಾಯಿಗೆ ಒಂಬತ್ತು ವರ್ಷದಿಂದ ಐವತ್ತೆರಡು. "ಮೆಲ್ಲ ಮಗಾ, ಮೆಲ್ಲ!" ಎಂದು ಅವರು ಕಿಟಕಿಗೆ ಬಾಯಿ ಇಟ್ಟರು.

ಜೆರ್ಟ್ರೂಡ್ ಬಾಯಿಯ ಪೊರೆ ತೆಗೆದ ಕಣ್ಣುಗಳು ಹೊಳೆದವು. "ಅರವತ್ತೊಂದಾ? ನನಗೆ ಅರವತ್ತು! ಇಷ್ಟು ವರ್ಷ ನೀನು ಎಲ್ಲರೆದುರು ನನ್ನನ್ನು 'ಅಕ್ಕಾ, ಕೈ ಹಿಡೀಲಾ' ಅಂತ ಮೆಟ್ಟಿಲು ಹತ್ತಿಸಿದ್ದು ಯಾವ ಧೈರ್ಯದಲ್ಲಿ?"

"ನಿಮಗೆ ಮಂಡಿ ನೋವಲ್ವಾ, ಅದಕ್ಕೆ!"

"ಮಂಡಿಗೂ ವಯಸ್ಸಿಗೂ ಎಂತ ಸಂಬಂಧ? ಕೈ ನಾನು ಹಿಡೀಬೇಕಿತ್ತು, ಅಕ್ಕ!"

ಸಾಲು ಎರಡು ಪಕ್ಷವಾಯಿತು. ಗರ್ಭಕೋಶ ತೆಗೆಸಿದ್ದು ಯಾರು, ಮೂಲವ್ಯಾಧಿ ಯಾರದ್ದು, ಕಾರ್ಕಳಕ್ಕೆ ಮದುವೆ ಸೀರೆಗೆಂದು ಹೋದವರು ನಿಜವಾಗಿ ಹೋದದ್ದು ಎಲ್ಲಿಗೆ, ಎಲ್ಲವೂ ಆ ಒಂದು ಕಿಟಕಿಯಿಂದ ಹೊರಗೆ ಬಿತ್ತು. ಮಾನ ಹೋದವರೆಲ್ಲ ಕೊನೆಗೆ ತಿರುಗಿದ್ದು ಒಬ್ಬರ ಮೇಲೆಯೇ.

"ಎಲ್ಲ ಈ ಗುರ್ಕಾರರಿಂದ!" ಎಂದರು ಡುಲ್ಸಿನ್ ಬಾಯಿ. "ಅವರ ನಂಬರ್ ಕೊಡದಿದ್ರೆ ನಮ್ಮ ಗುಟ್ಟು ನಮ್ಮಲ್ಲೇ ಇರ್ತಿತ್ತು!"

"ಹೌದು. ಅವರಾದ್ರೂ ಕೊಡಬೇಡಿ ಅಂತ ಹೇಳ್ಬಹುದಿತ್ತಲ್ಲ?" ಎಂದು ಸಾಲಿನ ತುದಿಯಿಂದ ಇನ್ನೊಂದು ದನಿ.

ಸಿಲ್ವೆಸ್ಟರ್ ಹಲ್ಲು ಕಚ್ಚಿದರು. ಬೆನ್ನ ಹಿಂದೆ ಸಣ್ಣಣದ ಪಾತ್ರೆ ತೆರೆದಿತ್ತು. ಒಟಿಪಿ ಹೇಳಿ ಮುಗಿಸಿದವರು ಮೀನುಸಾರಿಗೆ ಕೈ ಹಾಕಿದ್ದರು. ಕಿಟ್ಟ ಎರಡನೇ ತಟ್ಟೆಯಲ್ಲಿದ್ದ.

ಹದಿನೆಂಟನೆಯ ಹೆಸರು ಜೆರ್ಟ್ರೂಡ್ ಬಾಯಿಯ ಗಂಡ ಪೆದ್ರುವಿನದು. ಸತ್ತು ಎರಡು ವರ್ಷವಾಗಿದ್ದರಿಂದ ಸಾಲಿನಲ್ಲಿ ಇರಲಿಲ್ಲ.

"ಅವರ ಒಪ್ಪಿಗೆ ಬೇಕಿತ್ತು," ಎಂದಳು ಯಶ್ಮಿತಾ ಅಳುಕುತ್ತಾ.

"ಬದುಕಿದ್ದಾಗ ಒಂದು ಮಾತಿಗೂ ಒಪ್ಪದ ಮನುಷ್ಯ," ಎಂದರು ಜೆರ್ಟ್ರೂಡ್ ಬಾಯಿ. "ಈಗ ಒಪ್ತಾನಾ?"

ಅವರು ಕಣ್ಣೊರೆಸಿಕೊಂಡರು. ಕೂಡಲೇ ಹೆಂಗಸರೆಲ್ಲ ಜಗಳ ಬಿಟ್ಟು ಸುತ್ತ ನಿಂತು ಪೆದ್ರುವಿನ ಆತ್ಮಕ್ಕೆ ಜಪಮಾಲೆ ಎತ್ತಿದರು. ಒಂದು ಜಪಮಾಲೆ ಎಂದರೆ ಐವತ್ತೊಂಬತ್ತು ಮಣಿ. ಗಡಿಯಾರದಲ್ಲಿ ಮೂರೂಕಾಲು.

ಬಾವಿ ಉಕ್ಕಿದ್ದು ಆಗ. ಸಿಲ್ವೆಸ್ಟರ್ ಫೋನಿನ ವಯರು ಕಿತ್ತು, ಕುರ್ಚಿ ಹತ್ತಿ ನಿಂತರು. ಹಿಂಭಾಗ ಹಿಡಿದಿದ್ದ ಕೈಯನ್ನೂ ಬಿಟ್ಟರು.

"ಇಳೀರಿ!" ಎಂದು ಕೂಗಿದರು. "ಎಲ್ಲರೂ ನನ್ನ ಹೊಟ್ಟೆಯಿಂದ ಇಳೀರಿ! ಹದಿನಾಲ್ಕು ವರ್ಷ ನಿಮ್ಮ ಫೋನು ಎತ್ತಿದೆ. ನಿಮ್ಮ ಮಕ್ಕಳ ಮಾರ್ಕು, ನಿಮ್ಮ ಗ್ಯಾಸ್ ಸಿಲಿಂಡರು, ನಿಮ್ಮ ದುಬಾಯಿಯ ಗಂಡಂದಿರು, ಎಲ್ಲ ನಾನೇ ಕೇಳಿದೆ. ಇವತ್ತು ನನಗೆ ನೋಯ್ತದೆ ಅಂದ್ರೆ ಕೇಳುವವರು ಒಬ್ಬರಿಲ್ಲ! ಡಾಕ್ಟರಿಗೆ ಪೆಟ್ಟಿಗೆ ದೊಡ್ಡದು, ನಿಮಗೆ ಮೀನುಸಾರು ದೊಡ್ಡದು! ನಾಳೆಯಿಂದ ನಾನು ಗುರ್ಕಾರ ಅಲ್ಲ. ಈ ನಂಬರೂ ಇಲ್ಲ, ಸಮುದ್ರಕ್ಕೆ ಬಿಸಾಡ್ತೇನೆ!"

ಜಪಮಾಲೆ ನಿಂತಿತು. ಬಾಯಿಯಲ್ಲಿದ್ದ ಸಣ್ಣಣ ಬಾಯಿಯಲ್ಲಿಯೇ ಉಳಿಯಿತು. ಸಿಟ್ಟಿಗೂ ಒಂದು ಪಾವಿತ್ರ್ಯ ಉಂಟು. ಬಹಳ ಕಾಲ ತಡೆದಿಟ್ಟವನ ಸಿಟ್ಟಾದರೆ ಕೇಳುವವರ ತಲೆ ತಾನಾಗಿ ಬಾಗುತ್ತದೆ. ಆಲಿಸ್ ಮೆಲ್ಲನೆ ಹಿಂದಿನಿಂದ ಬಂದು ಅಂಗಿಯ ಲಾಡಿ ಕಟ್ಟಿದರು.

ಸಾಲು ಮತ್ತೆ ನೆಟ್ಟಗಾಯಿತು. ಪೆದ್ರುವಿನ ಪರವಾಗಿ ಜೆರ್ಟ್ರೂಡ್ ಬಾಯಿಯೇ ಹೆಬ್ಬೆರಳೊತ್ತಿ ಒಪ್ಪಿಗೆ ಕೊಟ್ಟರು. ಒಬ್ಬೊಬ್ಬರಾಗಿ ಶಾಲೆಯ ಮಕ್ಕಳ ಹಾಗೆ ಬಂದು ಅಂಕಿ ಓದಿ ಹೋದರು. ಎಲ್ಲರಿಗಿಂತ ಕೊನೆಗೆ ಕಿಟ್ಟ ಕೈ ತೊಳೆದುಕೊಂಡು ಬಂದ. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಅವನ ಆರನೆಯ ಅಂಕಿ ಬಿತ್ತು. ಪರದೆ ಹಸಿರಾಯಿತು.

"ಈಗ ನೀವು ನೀವೇ ಅಂಕಲ್," ಎಂದು ಯಶ್ಮಿತಾ ಕೈಮುಗಿದಳು.

ವಾಡೆಯೆಲ್ಲ ಹಿಂದೆ ಬರುತ್ತಿರಲು ಸಿಲ್ವೆಸ್ಟರ್ ಮೆಟ್ಟಿಲು ಹತ್ತಿ ಹನ್ನೆರಡನೇ ಮಂಚದಲ್ಲಿ ಮಲಗಿ ಕಣ್ಣು ಮುಚ್ಚಿದರು. ದೇವರೇ, ಇನ್ನು ನಿನ್ನ ಚಿತ್ತ. ಕಿಟ್ಟ ಅವರ ಕಾಲು ತಟ್ಟಿದ. "ಹೆದರಬೇಡಿ. ಮಲಗುವುದು, ಏಳುವುದು. ಸೀಟಿ ಊದಿಕೊಂಡು ಹೋಗುವ ಕೆಲಸ."

ಡಾಕ್ಟರ್ ಕಾಮತರು ಕೈಗವಸು ಏರಿಸುತ್ತಲೇ ಬಂದು ಪರದೆ ನೋಡಿದರು. ಹುಬ್ಬು ಗಂಟಿಕ್ಕಿತು. ಒಂದು ಗುಂಡಿ ಒತ್ತಿದರು. ಇನ್ನೊಂದು ಒತ್ತಿದರು.

"ಕಲ್ಲು ಎಲ್ಲಿ?"

ಸಿಲ್ವೆಸ್ಟರ್ ಕಣ್ಣು ಬಿಟ್ಟರು. "ಯಾವ ಕಲ್ಲು?"

"ನಿಮ್ಮ ಕಲ್ಲು. ಇಲ್ಲಿ ಇಲ್ಲ. ಶಿಬಿರದ ದಿನ ನಿಮ್ಮ ಹೆಸರಿನ ಸ್ಕ್ಯಾನ್ ಒಂದುಂಟು. ಅದರಲ್ಲಿ ಎಂತದ್ದೂ ಇಲ್ಲ, ಕನ್ನಡಿಯ ಹಾಗೆ ಉಂಟು. ನಾನು ಕಾಪುವಿನವರ ವಿಡಿಯೋದಲ್ಲಿ ನೋಡಿದ್ದು ಬೇರೆ ಸ್ಕ್ಯಾನ್. ಅದೂ ಇದೇ ನಂಬರಿನಲ್ಲಿತ್ತು." ಅವರು ಫೋನ್ ಎತ್ತಿ ಕೆಳಗೆ ಯಶ್ಮಿತಾಳೊಡನೆ ಮಾತಾಡಿದರು. "ಕಲ್ಲು ಯಾರ ಜೊತೆ ಹೋಯ್ತು? ಕೊನೆಯವನಾ? ಹೆಸರು?"

ಹೆಸರು ಕೇಳಿ ಫೋನ್ ಇಟ್ಟರು.

"ಇಲ್ಲಿ ಕಿಟ್ಟ ಅಂದ್ರೆ ಯಾರು?"

ಕಿಟ್ಟನ ಕೈ ಗುರ್ಕಾರರ ಕಾಲಿನ ಮೇಲೆಯೇ ಇತ್ತು. ಅದು ತಣ್ಣಗಾದದ್ದು ಸಿಲ್ವೆಸ್ಟರರಿಗೆ ಗೊತ್ತಾಯಿತು. "ನಾನು... ನಾನು ಶಿಬಿರದಲ್ಲಿ ಸ್ಕ್ಯಾನ್ ಬಿಟ್ಟಿ ಅಂತ ಸುಮ್ಮನೆ ಮಲಗಿದ್ದು ಡಾಕ್ಟ್ರೇ. ನನಗೆ ನೋವಿಲ್ಲ. ಒಮ್ಮೊಮ್ಮೆ ಬನ್ಸು ತಿಂದ್ರೆ ಬೆನ್ನಿಗೆ ಹಿಡೀತದೆ, ಅಷ್ಟೇ."

ಡಾಕ್ಟರು ಆ ದಿನ ಮೊದಲ ಸಲ ಪರದೆ ಬಿಟ್ಟು ಮನುಷ್ಯನ ಮೈ ಮುಟ್ಟಿದರು. ಕಿಟ್ಟನ ಬಲಪಕ್ಕೆಯ ಕೆಳಗೆ ಎರಡು ಬೆರಳು ಒತ್ತಿದರು. ಕಿಟ್ಟ ಕೂಗಿದ ಕೂಗಿಗೆ ಪಕ್ಕದ ಮಂಚದವನ ಹೊಲಿಗೆ ಮತ್ತೊಮ್ಮೆ ನೋಯಿತು.

"ಕಲ್ಲು ಜಾರುವ ಹಾಗೆ ಉಂಟು. ಕೂಡಲೇ ಅಡ್ಮಿಟ್ ಮಾಡಿ. ಹೊಟ್ಟೆ ತುಂಬ ತಿಂದಿದ್ದಾನೆ, ಇವತ್ತು ಆಗುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ." ಡಾಕ್ಟರು ಸಿಲ್ವೆಸ್ಟರರ ಕಡೆ ತಿರುಗಿದರು. "ನೀವು ಮಂಚ ಖಾಲಿ ಮಾಡಿ."

"ನನ್ನ ನೋವು?" ಸಿಲ್ವೆಸ್ಟರ್ ಎದ್ದು ಕುಳಿತರು. "ಮೂರು ತಿಂಗಳ ನೋವು ಡಾಕ್ಟ್ರೇ! ಬೆಳಿಗ್ಗೆಯಿಂದ..."

"ಗ್ಯಾಸು. ಹಸಿದು ಕೂತ್ರೆ ಹೀಗೇ ಆಗುವುದು. ನಿಮ್ಮಂಥವರು ಊರ ಕೆಲಸ ಅಂತ ಹೊತ್ತಿಗೆ ಊಟ ಮಾಡುವುದಿಲ್ಲ. ಮಾತ್ರೆ ಬೇಡ. ಹೊತ್ತಿಗೆ ಸರಿಯಾಗಿ ತಿನ್ನಿ, ಸಿಟ್ಟು ಮಾಡಬೇಡಿ."

ಸಿಲ್ವೆಸ್ಟರ್ ಬಾಯಿ ತೆರೆದರು. ಬೆಳಗ್ಗಿನಿಂದ ಕೂಡಿಸಿದ ಮಾತೆಲ್ಲ ಒಟ್ಟಿಗೆ ಬಾಗಿಲಿಗೆ ಬಂದದ್ದರಿಂದ ಒಂದೂ ಹೊರಗೆ ಬರಲಿಲ್ಲ. ಡಾಕ್ಟರು ಹೋಗಿಯಾಗಿತ್ತು.

ಹಸಿರು ಅಂಗಿ ಕಳಚಿಸಿ ಕಿಟ್ಟನಿಗೆ ತೊಡಿಸಿದರು. ಓಡಲು ನೋಡಿದ, ಬಾಗಿಲಲ್ಲಿ ವಾಡೆ ನಿಂತಿತ್ತು. ನರ್ಸು ಬಂದು ಕೇಳಿದಳು: "ಪೇಷೆಂಟಿನ ಜೊತೆಗೆ ರಾತ್ರಿ ಯಾರು? ಗಂಡಸರ ವಾರ್ಡು, ಗಂಡಸರೇ ಆಗ್ಬೇಕು."

ಕಿಟ್ಟ ಒಂಟಿ. ಇದ್ದ ತಂಗಿ ಕುಶಲಾಳನ್ನು ಹೆಬ್ರಿಗೆ ಕೊಟ್ಟಿದೆ. ವಾಡೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನಿಗೆ ದನ ಕರೆಯಲಿಕ್ಕುಂಟು. ಒಬ್ಬನಿಗೆ ನಂದಿಕೂರಿನಲ್ಲಿ ರಾತ್ರಿ ಪಾಳಿ. ಒಬ್ಬ ವ್ಯಾನು ಬಿಡಬೇಕು. ಉಳಿದವರು ಆಗಲೇ ಮೆಟ್ಟಿಲ ಕಡೆ ಜಾರಿದ್ದರು.

"ಗುರ್ಕಾರರೇ ಇದ್ದಾರಲ್ಲ," ಎಂದರು ಜೆರ್ಟ್ರೂಡ್ ಬಾಯಿ.

"ಹೌದಲ್ವಾ! ಅವರಿಗೆ ಕಾಯಿಲೆಯೂ ಇಲ್ಲ," ಎಂದರು ಡುಲ್ಸಿನ್ ಬಾಯಿ. ಆ ದಿನ ಅವರಿಬ್ಬರು ಒಪ್ಪಿದ ಮಾತು ಅದೊಂದೇ.

"ನಾನು ಗುರ್ಕಾರ ಅಲ್ಲ ಅಂತ ಹೇಳಿಯಾಗಿದೆ!"

"ಅದು ನಾಳೆಯಿಂದ ಅಂದಿರಿ," ಎಂದು ಯಾರೋ ನೆನಪಿಸಿದರು.

ಸಂಜೆ ಆರಕ್ಕೆ ವ್ಯಾನುಗಳು ಹೊರಟವು. ಆಲಿಸ್ ಕೂಡ ಒಂದರಲ್ಲಿ ಹೋಗಬೇಕಾಯಿತು. ಹೋಗುವ ಮೊದಲು ಪಾತ್ರೆಯ ತಳ ಬಳಿದು ನಾಲ್ಕು ಸಣ್ಣಣ, ಎರಡು ಬಂಗುಡೆ ಟಿಫಿನ್ನಿಗೆ ತುಂಬಿಸಿ ಗಂಡನ ಕೈಗೆ ಕೊಟ್ಟರು. "ತಿಂದು ಮಲಗಿ. ಸಿಟ್ಟು ಮಾಡ್ಬೇಡಿ," ಎಂದರು.

ಸಿಲ್ವೆಸ್ಟರ್ ಹನ್ನೆರಡನೇ ಮಂಚದ ಪಕ್ಕದಲ್ಲಿ ನೆಲಕ್ಕೆ ಚಾಪೆ ಹಾಸಿ ಕುಳಿತರು. ಕಿಟಕಿಯಾಚೆ ಪಡುವಣದ ಬೆಳಕು ಆರುತ್ತಿತ್ತು. ಶಿಲುಬೆ ಗುರುತು ಹಾಕಿದರು. ಹೊಟ್ಟೆ ಉರಿಯುತ್ತಿತ್ತು, ಆದರೂ ಮನಸ್ಸು ಸ್ವಲ್ಪ ಸ್ವಲ್ಪವಾಗಿ ತಣಿಯುತ್ತಿತ್ತು. ಅನ್ನ ದೇವರದು. ಟಿಫಿನ್ನಿನ ಮುಚ್ಚಳ ತೆಗೆದರು. ಬಂಗುಡೆಯ ಪರಿಮಳ ವಾರ್ಡಿಡೀ ಹಬ್ಬಿತು.

ಮಂಚದ ಮೇಲಿನಿಂದ ಕಿಟ್ಟನ ತಲೆ ಕೆಳಗೆ ಬಾಗಿತು. ಮುಖ ಬಿಳಿಚಿತ್ತು, ಮೂಗು ಮಾತ್ರ ಜೀವಂತವಾಗಿತ್ತು.

"ಗುರ್ಕಾರ್ರೇ, ನನಗೆ ಇನ್ನು ನಾಳೆವರೆಗೆ ಒಂದು ಹನಿ ನೀರೂ ಇಲ್ಲವಂತೆ. ಹಸಿದವನ ಎದುರು ಕೂತು ತಿನ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬರ್ತದೆ ಮಾರಾಯ್ರೆ?"

ನರ್ಸು ಬಾಗಿಲಿನಿಂದಲೇ ಹೇಳಿದಳು: "ಸರ್, ಉಪವಾಸದ ಪೇಷೆಂಟ್ ಹತ್ತಿರ ಊಟ ತೆರೀಬಾರದು. ಕೆಳಗೆ ಕ್ಯಾಂಟೀನಿನಲ್ಲಿ ಕೂತು ತಿನ್ನಿ."

ಸಿಲ್ವೆಸ್ಟರ್ ಟಿಫಿನ್ ಹಿಡಿದು ಎದ್ದರು.

"ಆದ್ರೆ ಪೇಷೆಂಟನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ," ಎಂದಳು ನರ್ಸು.

ಸಿಲ್ವೆಸ್ಟರ್ ಪುನಃ ಚಾಪೆಯ ಮೇಲೆ ಕುಳಿತು ಮುಚ್ಚಳ ಹಾಕಿದರು.